ಹೆದರಿದ ಮಗುವನ್ನು ಹೊರಗಟ್ಟುವುದು ಶಿಸ್ತಲ್ಲ

ಮಗುವೊಂದನ್ನು ಶಾಲೆಯಿಂದ ಹೊರಹಾಕಲಾಯಿತು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಂದು ಆದೇಶ ಪತ್ರ, ಅದರ ಕೆಳಗೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು. ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯದಲ್ಲಿ ಅಂಥ ಪತ್ರ ಹುಟ್ಟುವುದೇ ಅಪರೂಪ. ಬೆಳಿಗ್ಗೆ ಹನ್ನೊಂದು ಗಂಟೆಗೆ ತಾಯಿಗೆ ಫೋನ್ ಬರುತ್ತದೆ: “ಮಗ ತುಂಬಾ ಅಳುತ್ತಿದ್ದಾನೆ, ಬಂದು ಕರೆದುಕೊಂಡು ಹೋಗಿ.” ಮುಂದಿನ ವಾರ ಇನ್ನೊಂದು ಫೋನ್: “ನಾಳೆ ಇನ್‌ಸ್ಪೆಕ್ಷನ್ ಇದೆ, ಒಂದು ದಿನ ಮನೆಯಲ್ಲೇ ಇರಲಿ.” ವಾರ್ಷಿಕೋತ್ಸವದ ನೃತ್ಯ ನಾಟಕಗಳಲ್ಲಿ ಅವನ ಹೆಸರಿಲ್ಲ, ಪ್ರವಾಸದ ಪಟ್ಟಿಯಲ್ಲಿಯೂ ಇಲ್ಲ. ವರ್ಷಾಂತ್ಯಕ್ಕೆ ಹೆತ್ತವರನ್ನು ಕರೆಸಿ ಬಹಳ ಮೃದುವಾಗಿಯೇ ಹೇಳಲಾಗುತ್ತದೆ: “ಇವನಿಗೆ ನಮ್ಮ ಶಾಲೆ ಹೊಂದುವುದಿಲ್ಲ. ಇವನಂಥವರಿಗೆ ಬೇರೆ ಶಾಲೆಗಳಿವೆ. ಟಿ.ಸಿ.ಗೆ ಒಂದು ಅರ್ಜಿ ಬರೆದುಕೊಡಿ.” ಅರ್ಜಿ ಬರೆಯುವವರು ಹೆತ್ತವರು. ಆದ್ದರಿಂದ ದಾಖಲೆಯ ಪ್ರಕಾರ ಅವನನ್ನು ಹೊರಹಾಕಿದವರು ಯಾರೂ ಇಲ್ಲ. ಮಗು ತಾನಾಗಿಯೇ ಹೋಯಿತು.

ಹಾಜರಿ ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಇಲ್ಲ. ಹನ್ನೊಂದು ಗಂಟೆಗೆ ಮನೆಗೆ ಹೋದ ಮಗುವಿಗೂ ಅಂದಿನ ಹಾಜರಿ ಬಿದ್ದಿರುತ್ತದೆ. ಹೀಗಾಗಿ ಈ ಅನ್ಯಾಯ ಎಷ್ಟು ಮನೆಗಳಲ್ಲಿ ನಡೆಯುತ್ತಿದೆ ಎಂಬುದು ಯಾವ ಇಲಾಖೆಯ ಕಡತದಲ್ಲಿಯೂ ಕಾಣಸಿಗದು. ಆದರೆ ಇಂಥ ಮಗುವಿರುವ ಯಾವುದೇ ಮನೆಗೆ ಹೋಗಿ ತಾಯಿಯೊಡನೆ ಅರ್ಧ ಗಂಟೆ ಕುಳಿತರೆ ಸಾಕು, ಆಕೆ ತಾರೀಖು ಸಮೇತ ಹೇಳುತ್ತಾಳೆ.

ಈ ಮಕ್ಕಳಲ್ಲಿ ಅನೇಕರು ಶಾಲೆ ಕಳೆದುಕೊಳ್ಳುತ್ತಿರುವುದು ತಪ್ಪು ಮಾಡಿದ್ದಕ್ಕಾಗಿ ಅಲ್ಲ, ಹೆದರಿದ್ದಕ್ಕಾಗಿ. ಅವರನ್ನು ಉಳಿಸಿಕೊಳ್ಳಲು ಬೇಕಾದದ್ದು ಹೆಚ್ಚಿನ ಸಂದರ್ಭಗಳಲ್ಲಿ ದೊಡ್ಡ ಹಣವೂ ಅಲ್ಲ. ಸಮುದಾಯದ ಹೆಸರಿನಲ್ಲಿ, ಸಮುದಾಯದ ದೇಣಿಗೆಯಿಂದ ಕಟ್ಟಿದ ನಮ್ಮ ವಿದ್ಯಾಸಂಸ್ಥೆಗಳೂ ಇದೇ ದಾರಿ ಹಿಡಿದಿರುವುದರಿಂದ ಈ ಕುರಿತು ಮುಕ್ತವಾಗಿ ಮಾತಾಡುವ ಕಾಲ ಬಂದಿದೆ.

ಭಯಕ್ಕೆ ಹಲವು ಮುಖ

ಭಯಪಟ್ಟ ಮಗು ಎಂದರೆ ಮೂಲೆಯಲ್ಲಿ ನಡುಗುತ್ತಾ ಕುಳಿತ ಮಗು ಎಂದು ನಾವು ಭಾವಿಸುತ್ತೇವೆ. ಶಾಲೆಯಲ್ಲಿ ಭಯ ಆ ರೂಪದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಅಪಾಯವನ್ನು ಕಂಡ ಜೀವಿ ಮೂರರಲ್ಲಿ ಒಂದನ್ನು ಮಾಡುತ್ತದೆ: ಎದುರಿಸುತ್ತದೆ, ಓಡುತ್ತದೆ ಅಥವಾ ಸ್ತಬ್ಧವಾಗುತ್ತದೆ. ಮನುಷ್ಯನ ದೇಹವೂ ಹಾಗೆಯೇ ರಚಿಸಲ್ಪಟ್ಟಿದೆ. ಆತಂಕ ಹೆಚ್ಚಿರುವ ಮಗುವಿನ ದೇಹ ನಮಗೆ ಸಾಮಾನ್ಯವೆನಿಸುವ ಸಂಗತಿಗಳನ್ನೂ ಅಪಾಯವೆಂದೇ ಓದುತ್ತದೆ. ಎದುರಿಸುವ ಮಗು ಒದೆಯುತ್ತದೆ, ಕಚ್ಚುತ್ತದೆ. ಅದಕ್ಕೆ “ಪುಂಡ” ಎಂಬ ಹೆಸರು. ಓಡುವ ಮಗು ತರಗತಿಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ ಓಡುತ್ತದೆ. ಅದಕ್ಕೆ “ಶಿಸ್ತಿಲ್ಲದವ” ಎಂಬ ಹೆಸರು. ಸ್ತಬ್ಧವಾಗುವ ಮಗು ಪ್ರಶ್ನೆ ಕೇಳಿದರೆ ಶಿಕ್ಷಕರ ಮುಖವನ್ನೂ ನೋಡದೆ ನಿಂತುಬಿಡುತ್ತದೆ. ಅದಕ್ಕೆ “ಹಠಮಾರಿ” ಎಂಬ ಹೆಸರು. ಮೂರೂ ಹೆಸರುಗಳ ಕೆಳಗಿರುವುದು ಒಂದೇ ಭಯ.

ಆಟಿಸಂ ಇರುವ ಮಕ್ಕಳಲ್ಲಿ, ಓದು ಬರಹದ ಕಲಿಕಾ ತೊಂದರೆಯುಳ್ಳ ಮಕ್ಕಳಲ್ಲಿ ಈ ಆತಂಕ ಬಹಳ ಸಾಮಾನ್ಯ. ಅವರಲ್ಲಿ ಕೆಲವರ ಕಿವಿಗೆ ಅಸೆಂಬ್ಲಿಯ ಮೈಕು ಸಿಡಿಲಿನಂತೆ ಕೇಳಿಸುತ್ತದೆ. ಬೆಂಚಿನಲ್ಲಿ ಪಕ್ಕದವನ ಭುಜ ತಾಗಿದರೆ ಮೈ ಉರಿದಂತಾಗುತ್ತದೆ. ಗಣಿತದ ಪಿರಿಯಡ್ಡಿಗೆ ಬೇರೆ ಟೀಚರ್ ಬಂದರೆ ಅಂದಿನ ಇಡೀ ದಿನ ಕುಸಿದು ಬೀಳುತ್ತದೆ. ಅಕ್ಷರಗಳು ಕಣ್ಣಿಗೆ ನಿಲ್ಲದ ಮಗುವಿಗೆ “ಎದ್ದು ನಿಂತು ಓದು” ಎಂಬ ಮಾತಿಗಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಭಾನುವಾರ ರಾತ್ರಿ ಹೊಟ್ಟೆನೋವು, ಸೋಮವಾರ ಬೆಳಿಗ್ಗೆ ವಾಂತಿ, ಸಮವಸ್ತ್ರ ಕಂಡೊಡನೆ ಅಳು ಬರುವುದಕ್ಕೆ ಕಾರಣ ಸೋಗಲ್ಲ; ಆ ಹೊಟ್ಟೆ ನಿಜಕ್ಕೂ ನೋಯುತ್ತದೆ.

ಇನ್ನೊಂದು ಬಗೆಯ ಮಗುವಿದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಶಾಲೆಯಲ್ಲಿ ವರ್ಷವಿಡೀ ತುಟಿ ಬಿಚ್ಚುವುದಿಲ್ಲ. ಬಾಯಾರಿದರೂ ಹೇಳುವುದಿಲ್ಲ, ಶೌಚಕ್ಕೆ ಹೋಗಬೇಕೆಂದೂ ಕೇಳುವುದಿಲ್ಲ. ಅವಳಿಂದ ಯಾರಿಗೂ ತೊಂದರೆ ಇಲ್ಲವಾದ್ದರಿಂದ ಅವಳನ್ನು ಯಾರೂ ಹೊರಹಾಕುವುದಿಲ್ಲ; “ಒಳ್ಳೆಯ ಸ್ವಭಾವದ ಹುಡುಗಿ” ಎಂದು ಪ್ರಗತಿಪತ್ರದಲ್ಲಿ ಬರೆಯುತ್ತಾರೆ. ಬೆಂಚಿನ ಮೇಲೆ ಕುಳಿತೇ ಅವಳು ಶಾಲೆಯ ಹೊರಗಿದ್ದಾಳೆ.

ಮನೆಗೆ ಕಳುಹಿಸುವುದು ಏನನ್ನು ಕಲಿಸುತ್ತದೆ?

ಭಯಕ್ಕೆ ಒಂದು ಗುಣವಿದೆ. ಹೆದರಿಕೆಯ ಸ್ಥಳದಿಂದ ತಪ್ಪಿಸಿಕೊಂಡಾಗ ಮನಸ್ಸಿಗೆ ತಕ್ಷಣ ಹಗುರವೆನಿಸುತ್ತದೆ. ಆ ಹಗುರವೇ ಮರುದಿನದ ಭಯವನ್ನು ಇಮ್ಮಡಿಸುತ್ತದೆ. ಅಳುವ ಮಗುವನ್ನು ಪದೇ ಪದೇ ಮನೆಗೆ ಕಳುಹಿಸುವ ಶಾಲೆ ತನಗರಿವಿಲ್ಲದೆ ಆ ಮಗುವಿಗೆ ಎರಡು ಪಾಠ ಹೇಳಿಕೊಡುತ್ತದೆ. ಒಂದು, ಈ ಸ್ಥಳ ನಿನಗೆ ನಿಜವಾಗಿಯೂ ಅಪಾಯಕಾರಿ. ಎರಡು, ನೀನು ಇಲ್ಲಿಗೆ ಬೇಕಾದವನಲ್ಲ. ಮೊದಲೇ ಹೆದರಿದ್ದ ಮಗು ಈಗ ತನ್ನ ಹೆದರಿಕೆ ಸರಿಯಾಗಿಯೇ ಇತ್ತೆಂದು ತಿಳಿದುಕೊಳ್ಳುತ್ತದೆ. ಯಾವ ವರ್ತನೆಯ ಬಗ್ಗೆ ಶಾಲೆ ದೂರುತ್ತದೋ ಅದೇ ವರ್ತನೆಯನ್ನು ಶಾಲೆಯೇ ನೀರೆರೆದು ಬೆಳೆಸುತ್ತದೆ.

ಬಲವಂತದಿಂದ ಎಳೆದು ತಂದು ಕೂರಿಸುವುದೂ ಇದಕ್ಕೆ ಮದ್ದಲ್ಲ. ಈಜು ಬಾರದವನನ್ನು ಬಾವಿಗೆ ತಳ್ಳಿದರೆ ಅವನು ಈಜು ಕಲಿಯುವುದಿಲ್ಲ. ಮೊದಲ ವಾರ ಒಂದು ಪಿರಿಯಡ್, ಮುಂದಿನ ವಾರ ಎರಡು. ಮೊದಲು ಗ್ರಂಥಾಲಯದ ಕೋಣೆ, ಆಮೇಲೆ ತರಗತಿಯ ಬಾಗಿಲ ಬಳಿಯ ಬೆಂಚು — ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಮುಂದಿನ ಮೆಟ್ಟಿಲು ಯಾವುದೆಂದು ಮಗುವಿಗೆ ಮೊದಲೇ ತಿಳಿಸಿ ಕರೆತರಬೇಕು. ಶಾಲೆ, ಮನೆ ಮತ್ತು ವೈದ್ಯರು ಕೂಡಿ ಮಾಡಬೇಕಾದ ಕೆಲಸವಿದು.

ನಾನು ಪಾಠ ಹೇಳುವ ಮದ್ರಸಕ್ಕೆ ಬರುತ್ತಿದ್ದ ಒಂಬತ್ತು ವರ್ಷದ ಬಾಲಕನೊಬ್ಬನ ವಿಷಯ ಇಲ್ಲಿ ಹೇಳಬೇಕು. ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಗುರುತಿಸಿದ್ದರು. ಮೂರನೆಯ ತರಗತಿಯವರೆಗೆ ಶಾಲೆಯಲ್ಲಿ ದೊಡ್ಡ ತೊಂದರೆ ಇರಲಿಲ್ಲ. ಅವನನ್ನು ಅರ್ಥಮಾಡಿಕೊಂಡಿದ್ದ ಒಬ್ಬ ಟೀಚರ್ ಇದ್ದರು. ನಾಲ್ಕನೆಯ ತರಗತಿಯಲ್ಲಿ, ಮಳೆಗಾಲದ ನಡುವೆ, ಆ ಟೀಚರ್ ಬೇರೆಡೆಗೆ ಹೋದರು. ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದೇ ವಾರ ಅವನ ಬೆಂಚನ್ನೂ ಬದಲಾಯಿಸಲಾಯಿತು. ಅವನು ಡೆಸ್ಕಿನಡಿ ನುಸುಳಿ ಕುಳಿತ. ಕೈಹಿಡಿದು ಎಳೆದಾಗ ಒದ್ದ. ಅಂದಿನಿಂದ ಅವನು “ಹೊಡೆಯುವ ಹುಡುಗ”ನಾದ. ಉಳಿದ ಮಕ್ಕಳ ಹೆತ್ತವರು ದೂರು ಕೊಟ್ಟರು. ದಸರಾ ರಜೆ ಮುಗಿಯುವ ಹೊತ್ತಿಗೆ ಅವನು ಮನೆಯಲ್ಲಿದ್ದ. ಅದೇ ಹುಡುಗ ಮದ್ರಸದಲ್ಲಿ ಬಾಗಿಲ ಪಕ್ಕದ ಒಂದೇ ಜಾಗದಲ್ಲಿ ಕುಳಿತು, ಇತರರು ಒಟ್ಟಾಗಿ ಓದುವಾಗ ಕಿವಿಗೆ ಕೈಯಿಟ್ಟುಕೊಂಡು, ಎಲ್ಲರೂ ಎದ್ದುಹೋದ ಮೇಲೆ ತನ್ನ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಅದಕ್ಕೆ ನಾವು ಮಾಡಿದ್ದು ಇಷ್ಟೇ: ಅವನ ಜಾಗ ಬದಲಿಸಲಿಲ್ಲ, ಅವನ ಸರದಿಯನ್ನು ಕೊನೆಗಿಟ್ಟೆವು. “ಉಸ್ತಾದ್, ಅವನು ದಡ್ಡನಲ್ಲ ಅಲ್ಲವೇ?” ಎಂದು ಅವನ ತಾಯಿ ಕೇಳಿದ್ದುಂಟು. ಒಬ್ಬ ತಾಯಿ ಈ ಪ್ರಶ್ನೆಯನ್ನು ಕೇಳುವಂತಾಗಬಾರದಿತ್ತು.

ಶಿಕ್ಷಕರ ಕಷ್ಟ ಸುಳ್ಳಲ್ಲ

ಶಿಕ್ಷಕರನ್ನು ಖಳರನ್ನಾಗಿ ಮಾಡಿ ಈ ಚರ್ಚೆಯನ್ನು ಮುಗಿಸುವುದು ಸುಲಭ, ಅದು ನ್ಯಾಯವಲ್ಲ. ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ, ಕಡಿಮೆ ಸಂಬಳಕ್ಕೆ, ಮುಗಿಸಲೇಬೇಕಾದ ಪಾಠಗಳ ಹೊರೆಯೊಂದಿಗೆ ನಿಂತಿರುವ ಶಿಕ್ಷಕಿಗೆ ಒಂದು ಮಗು ಗೇಟಿನತ್ತ ಓಡಿದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಒದೆ ತಿಂದ ಮಗುವಿನ ಹೆತ್ತವರ ಕಳವಳವೂ ನ್ಯಾಯವಾದುದೇ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ ಯಾವುದು? ಶಿಕ್ಷಕಿಗೆ ತರಬೇತಿ ಬೇಕು, ಸಹಾಯಕ್ಕೆ ಇನ್ನೊಬ್ಬರು ಬೇಕು, ಮಗು ಕೆರಳುವ ಮುನ್ನವೇ ಗುರುತಿಸಿ ಶಾಂತಗೊಳಿಸುವ ವ್ಯವಸ್ಥೆ ಬೇಕು ಎಂಬುದು. ಶಿಕ್ಷಕರ ಕೊರತೆಯ ಬೆಲೆಯನ್ನು ಒಂಬತ್ತು ವರ್ಷದ ಮಗುವಿನಿಂದ ವಸೂಲು ಮಾಡಬೇಕೆಂಬುದಲ್ಲ.

ಸುಪ್ರೀಂ ಕೋರ್ಟ್ 2021ರಲ್ಲಿಯೇ ಈ ಕೊರತೆಯನ್ನು ಗುರುತಿಸಿ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂಬ ಪ್ರಮಾಣವನ್ನು ಹೇಳಿತು. 2025ರಲ್ಲಿ ಹುದ್ದೆಗಳನ್ನು ಗುರುತಿಸಿ ಪ್ರಕಟಿಸುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂತು. ನ್ಯಾಯಾಲಯದ ಮಾತು ತರಗತಿಯ ಬಾಗಿಲಿಗೆ ಬಂದು ಮುಟ್ಟುವುದು ಎಷ್ಟು ನಿಧಾನ ಎಂಬುದಕ್ಕೆ ಇದೇ ಸಾಕ್ಷಿ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ಹೆತ್ತವರಲ್ಲಿ ಹೆಚ್ಚಿನವರು ಶಾಲೆಯವರ ಮುಂದೆ ಕೈಕಟ್ಟಿ ನಿಲ್ಲುವುದು ತಮಗೊಂದು ಹಕ್ಕಿದೆ ಎಂದು ತಿಳಿಯದಿರುವುದರಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮಿನ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಅದು ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಬೌದ್ಧಿಕ ನ್ಯೂನತೆ, ಮಾನಸಿಕ ಅಸ್ವಸ್ಥತೆಗಳೂ ಸೇರಿವೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮತ್ತು ನೆರವನ್ನು ಒದಗಿಸಬೇಕೆಂಬುದು ಅದರ ಆಶಯ. ಕನಿಷ್ಠ ಶೇ. 40ರಷ್ಟು ವೈಕಲ್ಯ ಪ್ರಮಾಣೀಕೃತವಾಗಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನೂ ಅದು ಕೊಟ್ಟಿದೆ.

ಇಲ್ಲಿ ನಮ್ಮ ಸಮುದಾಯ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕು ಕಾಯ್ದೆಯು ಅಲ್ಪಸಂಖ್ಯಾತ ವಿದ್ಯಾಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪು ನೀಡಿತು. ನಮ್ಮ ಸಂಸ್ಥೆಗಳ ಸ್ವಾಯತ್ತತೆಯನ್ನು ಕಾಪಾಡಲು ದೊರೆತ ಆ ರಕ್ಷಣೆಯನ್ನು ನಮ್ಮದೇ ಮಕ್ಕಳಲ್ಲಿ ಅತ್ಯಂತ ದುರ್ಬಲರಾದವರನ್ನು ಹೊರಗಟ್ಟಲು ಬಳಸಿಕೊಂಡರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ? ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ವಿನಾಯಿತಿಯೂ ಬರೆದಿಲ್ಲ. ಕಾಯ್ದೆಯ ಮಾತು ಹಾಗಿರಲಿ. ಸಮುದಾಯದ ಹಿಂದುಳಿದ ಮಕ್ಕಳಿಗಾಗಿ ಎಂದು ಹೇಳಿ ಊರೂರು ಸುತ್ತಿ ದೇಣಿಗೆ ಎತ್ತಿದ ಶಾಲೆಯ ಗೇಟಿನಲ್ಲಿ ಇಂದು “ಎಸೆಸೆಲ್ಸಿಯಲ್ಲಿ ಶೇ. 100 ಫಲಿತಾಂಶ” ಎಂಬ ಫ್ಲೆಕ್ಸ್ ತೂಗುತ್ತಿದೆ. ಆ ನೂರನ್ನು ಉಳಿಸಿಕೊಳ್ಳಲು ಏಳು ಎಂಟನೆಯ ತರಗತಿಯಲ್ಲೇ ಯಾರು ಯಾರಿಗೆ ಟಿ.ಸಿ. ಕೊಡಲಾಯಿತು ಎಂಬುದನ್ನು ಫ್ಲೆಕ್ಸ್ ಹೇಳುವುದಿಲ್ಲ. ಪರೀಕ್ಷಾ ಮಂಡಳಿಯೇ ಇಂಥ ಮಕ್ಕಳಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳನ್ನು ಇಟ್ಟಿದೆ. ಅದನ್ನು ಕೇಳಿ ಪಡೆಯುವುದಕ್ಕಿಂತ ಮಗುವನ್ನು ಕಳುಹಿಸಿಬಿಡುವುದೇ ಸುಲಭವೆಂದು ನಮಗೆ ಅನಿಸಿದ್ದು ಹೇಗೆ?

ಮುಖ ತಿರುಗಿಸುವುದರ ಬಗ್ಗೆ

ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ ‘ಅಬಸ’ ಅವತೀರ್ಣವಾದ ಸಂದರ್ಭ ನಮ್ಮೆಲ್ಲರಿಗೂ ಗೊತ್ತು. ಪ್ರವಾದಿ ಮುಹಮ್ಮದ್(ಸ)ರು ಕುರೈಶ್ ಮುಖಂಡರೊಡನೆ ಗಂಭೀರ ಮಾತುಕತೆಯಲ್ಲಿದ್ದರು. ಆ ಮುಖಂಡರು ಸತ್ಯವನ್ನು ಒಪ್ಪಿದರೆ ಇಡೀ ಮಕ್ಕಾದ ಚಿತ್ರಣವೇ ಬದಲಾದೀತೆಂಬ ನಿರೀಕ್ಷೆ ಅವರದಾಗಿತ್ತು. ಆಗ ದೃಷ್ಟಿಹೀನರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಬಂದು ತನಗೆ ಕಲಿಸಿರೆಂದು ಕೇಳಿದರು. ಅಲ್ಲಿ ನಡೆಯುತ್ತಿದ್ದುದು ಏನೆಂದು ಅವರಿಗೆ ಕಾಣುತ್ತಿರಲಿಲ್ಲ. ಮಾತಿನ ನಡುವೆ ಬಂದ ಈ ಅಡ್ಡಿಯಿಂದ ಪ್ರವಾದಿವರ್ಯ(ಸ)ರ ಹುಬ್ಬು ಗಂಟಿಕ್ಕಿತು, ಮುಖ ಬೇರೆಡೆಗೆ ತಿರುಗಿತು. ಅಷ್ಟಕ್ಕೇ ಅಲ್ಲಾಹನ ಕಡೆಯಿಂದ ತಿದ್ದುಪಡಿ ಬಂತು. ಕಲಿಯಲು ಹಂಬಲಿಸಿ ಬಂದವನಿಗಿಂತ ಪ್ರತಿಷ್ಠಿತರು ಮುಖ್ಯರಾಗಕೂಡದೆಂಬ ಆ ಪಾಠ ಲೋಕಾಂತ್ಯದವರೆಗೆ ಪಾರಾಯಣವಾಗುವ ವಚನವಾಗಿ ಉಳಿಯಿತು. ಮುಂದೆ ಅದೇ ಅಬ್ದುಲ್ಲಾ(ರ) ಮದೀನಾದಲ್ಲಿ ಅಝಾನ್ ಕರೆಯುವವರಾದರು. ಪ್ರವಾದಿ(ಸ)ರು ಊರಲ್ಲಿಲ್ಲದ ಕೆಲವು ಸಂದರ್ಭಗಳಲ್ಲಿ ಮದೀನಾದ ಹೊಣೆಯನ್ನೂ ಅವರಿಗೆ ವಹಿಸಲಾಯಿತು.

ಇದನ್ನು ಓದುವಾಗ ನಾವು ಶಾಲೆಯ ಆಫೀಸ್ ಕೋಣೆಯನ್ನು ನೆನೆಯಬೇಕು. ಅಲ್ಲಿ ನಮ್ಮ ಮುಖ ಯಾರ ಕಡೆಗಿದೆ? ರ್‍ಯಾಂಕ್ ತರುವ ಮಗುವಿನ ಕಡೆಗೋ, ಬಾಗಿಲಲ್ಲಿ ಅಳುತ್ತಾ ನಿಂತ ಮಗುವಿನ ಕಡೆಗೋ?

ಮಾನಸಿಕ ತೊಂದರೆಯಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ತನಗೊಂದು ಕೆಲಸವಿದೆಯೆಂದು ಹೇಳಿದಾಗ, ಆಕೆಗೆ ಇಷ್ಟವಾದ ಯಾವುದೇ ಬೀದಿಯಲ್ಲಿ ತಾವು ಭೇಟಿಯಾಗುವುದಾಗಿ ಹೇಳಿ, ಆಕೆಯ ಅಗತ್ಯ ಪೂರೈಸುವವರೆಗೆ ಜೊತೆಯಲ್ಲಿ ನಿಂತರೆಂದು ಹದೀಸ್‌ನಲ್ಲಿ ಬಂದಿದೆ. ಸ್ಥಳವನ್ನು ಆಕೆಯೇ ಆರಿಸಲಿ ಎಂಬ ಆ ಸೌಜನ್ಯವನ್ನು ಗಮನಿಸಿ. ಇಂದು ಶಿಕ್ಷಣತಜ್ಞರು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಎಂದು ಕರೆಯುವುದು ಇದನ್ನೇ.

ಮದ್ರಸ, ಮಸೀದಿ, ಮನೆ

ಶಾಲೆಗಳನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳಲಾಗದು. ಬೆತ್ತ ಹಿಡಿದೇ ಕುಳಿತಿರುವ ಉಸ್ತಾದರು ಇನ್ನೂ ಇದ್ದಾರೆ. ಆತಂಕದ ಮಗುವಿಗೆ ತನಗೆ ಬೀಳುವ ಏಟು ಮಾತ್ರವಲ್ಲ, ಪಕ್ಕದವನಿಗೆ ಬೀಳುವ ಏಟೂ ತನಗೇ ಬಿದ್ದಂತೆ. ಮಸೀದಿಯಲ್ಲಿ ಸದ್ದು ಮಾಡಿದ ಮಗುವಿನ ಕಡೆಗೆ ಹಿರಿಯರು ಕೆಂಗಣ್ಣು ಬಿಡುತ್ತಾರೆ. ತಂದೆ ಮರುದಿನದಿಂದ ಅವನನ್ನು ಕರೆತರುವುದಿಲ್ಲ. ಶಿಶುವಿನ ಅಳು ಕೇಳಿ ತಾಯಿಯ ಸಂಕಟವನ್ನು ನೆನೆದು ನಮಾಝನ್ನೇ ಚಿಕ್ಕದಾಗಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಮನೆಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಮಗು ಅಸಾಧಾರಣವಾಗಿ ವರ್ತಿಸಿದೊಡನೆ ಕಣ್ಣುದೃಷ್ಟಿ, ಜಿನ್ನ್ ಬಾಧೆ ಎಂದು ನೂಲು, ತಾಯಿತಗಳ ಹಿಂದೆ ತಿಂಗಳುಗಟ್ಟಲೆ ಅಲೆದು, ಚಿಕಿತ್ಸೆಯ ಅಮೂಲ್ಯ ವರ್ಷಗಳನ್ನು ಕಳೆದುಕೊಳ್ಳುವವರಿದ್ದಾರೆ. ದುಆ ನಮ್ಮ ಆಸರೆ. ಆದರೆ ಚಿಕಿತ್ಸೆ ಪಡೆಯಿರೆಂದು ಆಜ್ಞಾಪಿಸಿದವರೂ ಪ್ರವಾದಿ(ಸ)ರೇ. ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗ, ಅಲ್ಲಿರುವ ಡಿಇಐಸಿ ಕೇಂದ್ರ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ — ಈ ಬಾಗಿಲುಗಳು ಬಡವರಿಗೂ ತೆರೆದಿವೆ. ತಕ್ಷಣದ ಮಾತುಕತೆಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ತಾಯಂದಿರಿಗೆ ನಾವು ಸಲೀಸಾಗಿ ಹೇಳುವ “ಸಬ್ರ್ ಮಾಡು, ಇದು ಅಲ್ಲಾಹನ ಪರೀಕ್ಷೆ” ಎಂಬ ಮಾತಿನ ಬಗ್ಗೆಯೂ ಯೋಚಿಸಬೇಕಾಗಿದೆ. ಮಾತು ನಿಜ. ಆದರೆ ಪರೀಕ್ಷೆ ಆ ತಾಯಿಗೆ ಮಾತ್ರವಲ್ಲ. ಆಕೆಯ ನೆರೆಯವರಿಗೆ, ಜಮಾಅತಿಗೆ, ಶಾಲಾ ಸಮಿತಿಗೆ ಕೂಡ. ನಮ್ಮ ಪಾಲಿನ ಉತ್ತರವನ್ನು ಆಕೆಯ ತಾಳ್ಮೆಯಿಂದ ತುಂಬಿಸಿಕೊಳ್ಳಲಾಗದು.

ನಮ್ಮಿಂದ ಆಗಬಹುದಾದದ್ದು

ಒಂದು ಮಗುವಿಗೆ ಬೇಕಾಗಿರುವುದನ್ನು ಲೆಕ್ಕ ಹಾಕಿ ನೋಡಿ. ದಿನದ ಪಾಠಗಳ ಕ್ರಮವನ್ನು ಬೆಳಿಗ್ಗೆಯೇ ತೋರಿಸುವ ಒಂದು ಚೀಟಿ. ಬದಲಾವಣೆ ಇದ್ದರೆ ಮುನ್ಸೂಚನೆ. ಬದಲಾಗದ ಕೂರುವ ಜಾಗ. ಗಂಟಲು ಬಿಗಿದಾಗ ಮಾತಿಲ್ಲದೆ ತೋರಿಸಬಹುದಾದ ಒಂದು ಕಾರ್ಡು, ಹತ್ತು ನಿಮಿಷ ಕುಳಿತು ಬರಲು ಒಂದು ಶಾಂತವಾದ ಮೂಲೆ. ಎಲ್ಲರೆದುರು ಓದುವ ಬದಲು ಶಿಕ್ಷಕರ ಮೇಜಿನ ಬಳಿ ಓದುವ ಅವಕಾಶ. ಮತ್ತು ಇಡೀ ಶಾಲೆಯಲ್ಲಿ ಅದು ನಂಬಿ ಹೋಗಬಹುದಾದ ಒಬ್ಬ ಹಿರಿಯರು. ಟೀಚರೇ ಆಗಬೇಕೆಂದಿಲ್ಲ, ಬಿಸಿಯೂಟದ ಅಕ್ಕನಾದರೂ ಸರಿ. ಇವುಗಳಲ್ಲಿ ಯಾವುದಕ್ಕೆ ಕಟ್ಟಡ ನಿಧಿ ಬೇಕು?

ಹಣ ಬೇಕಾದ ಕೆಲಸವೂ ಇದೆ; ಅದಕ್ಕೂ ದಾರಿಯಿದೆ. ಒಂದು ಶಾಲೆಗೆ ವಿಶೇಷ ಶಿಕ್ಷಕರನ್ನು ನೇಮಿಸಲು ಆಗದಿದ್ದರೆ ನಾಲ್ಕೈದು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಲಿ. ಬಡ ಕುಟುಂಬಗಳ ಮಕ್ಕಳ ಚಿಕಿತ್ಸೆಯ ಖರ್ಚನ್ನು ಜಮಾಅತ್ ಸಮಿತಿಗಳು ವಹಿಸಿಕೊಳ್ಳಲಿ. ಸಮಗ್ರ ಶಿಕ್ಷಣ ಯೋಜನೆಯಡಿ ಬಿಆರ್‌ಸಿ ಕೇಂದ್ರಗಳಲ್ಲಿ ಬಿಐಇಆರ್‌ಟಿ ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರನ್ನು ನಮ್ಮ ಶಾಲೆ ಮದ್ರಸಗಳಿಗೆ ಕರೆದು ಒಂದು ದಿನದ ತರಬೇತಿ ಏರ್ಪಡಿಸಲಿ. ಖತೀಬರು ವರ್ಷದಲ್ಲಿ ಒಂದು ಜುಮಾ ಖುತ್ಬಾವನ್ನಾದರೂ ಈ ಮಕ್ಕಳಿಗಾಗಿ ಮೀಸಲಿಡಲಿ.

ಹೆತ್ತವರೊಡನೆ ಒಂದು ಮಾತು. ಮಗುವನ್ನು ಕರೆದೊಯ್ಯಿರೆಂದು ಫೋನ್ ಬಂದ ಪ್ರತಿ ದಿನವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆಗೆ ಬರಬೇಡಿ ಎಂದರೆ ಅದನ್ನು ಬರಹದಲ್ಲಿ ಕೊಡಿರೆಂದು ವಿನಯದಿಂದಲೇ ಕೇಳಿ. ವೈದ್ಯರ ವರದಿಯನ್ನು ಲಗತ್ತಿಸಿ ಮಗುವಿನ ಅಗತ್ಯಗಳನ್ನು ಲಿಖಿತವಾಗಿ ಸಲ್ಲಿಸಿ. ಟಿ.ಸಿ. ಅರ್ಜಿಗೆ ಸಹಿ ಹಾಕುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿಯವರನ್ನು ಕಾಣಿ. ಅಲ್ಲಿಯೂ ಆಗದಿದ್ದರೆ ವಿಕಲಚೇತನರ ಹಕ್ಕುಗಳನ್ನು ನೋಡಿಕೊಳ್ಳುವ ರಾಜ್ಯ ಆಯುಕ್ತರಿದ್ದಾರೆ. ನೀವು ಯಾರ ಔದಾರ್ಯವನ್ನೂ ಬೇಡುತ್ತಿಲ್ಲ.

ಶಾಲಾ ಆಡಳಿತ ಸಮಿತಿಯ ಗೌರವಾನ್ವಿತ ಸದಸ್ಯರಲ್ಲಿ ಒಂದು ಕೋರಿಕೆ. ಬರುವ ಸಭೆಯಲ್ಲಿ ಫಲಿತಾಂಶದ ಪಟ್ಟಿಯ ಜೊತೆಗೆ ಕಳೆದ ಮೂರು ವರ್ಷಗಳಲ್ಲಿ ಎಂಟನೆಯ ತರಗತಿಗೆ ಮುಂಚೆ ಟಿ.ಸಿ. ಪಡೆದವರ ಪಟ್ಟಿಯನ್ನೂ ಮೇಜಿನ ಮೇಲಿಡಿ. ಒಂದೊಂದು ಹೆಸರಿನ ಮುಂದೆ, ಈ ಮಗು ಈಗ ಎಲ್ಲಿದೆ ಎಂದು ಕೇಳಿ. ಉತ್ತರ ಸಿಗದ ಹೆಸರಿನ ಮನೆಗೆ ಇಬ್ಬರು ಹೋಗಿ ಬನ್ನಿ. ಮಕ್ಕಳು ನಮ್ಮ ಕೈಗೆ ಒಪ್ಪಿಸಲ್ಪಟ್ಟ ಅಮಾನತ್ತು. ಅದನ್ನು ವಹಿಸಿಕೊಟ್ಟವನು ಲೆಕ್ಕ ಕೇಳುವಾಗ ನೂರಕ್ಕೆ ನೂರು ಪಡೆದವರ ಬಗ್ಗೆ ಮಾತ್ರ ಕೇಳಲಾರನು. ಹೆದರಿ ಬಂದವರಿಗೆ ಅಭಯ ನೀಡುವ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ.